ಸೆರೆಂಗೆಟಿಯ ಕರುಗಳು

ಆಫ್ರಿಕಕ್ಕೆ ಹೊರಟ ಪ್ರವಾಸಿಗನ ಮನಸ್ಸಿನಲ್ಲಿ ಮೊದಲು ಗರ್ಜಿಸುವುದು ಸಿಂಹ. ಟಾಂಜಾನಿಯ ದೇಶದ ಸೆರೆಂಗೆಟಿ ಬಯಲಿಗೆ ಮೊದಲ ಬಾರಿ ಬಂದವನು ಜೀಪಿನಲ್ಲಿ ಎದ್ದುನಿಂತು, ದುರ್ಬೀನನ್ನು ಕಣ್ಣಿಗೇರಿಸಿ, ಅದನ್ನೇ ಹುಡುಕುತ್ತಾನೆ.

ಆದರೆ ಫೆಬ್ರವರಿ ತಿಂಗಳಲ್ಲಿ ಬಯಲಿನ ದಕ್ಷಿಣ ಭಾಗಕ್ಕೆ ಹೋದವನ ಕಣ್ಣಿಗೆ ಬೀಳುವ ನೋಟವೇ ಬೇರೆ. ದೃಷ್ಟಿ ಹಾಯುವವರೆಗೂ ಹಸುರು ಹುಲ್ಲು. ಅದರ ಮೇಲೆಲ್ಲ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು. ಹತ್ತಿರ ಸಾರಿದಂತೆ ಆ ಚುಕ್ಕೆಗಳಿಗೆ ಕೊಂಬು, ಗಡ್ಡಗಳು ಮೂಡುತ್ತವೆ. ಇವೇ ವಿಲ್ಡೆಬೀಸ್ಟ್‌ಗಳು. ಹುಲ್ಲೆಯ ಜಾತಿಗೆ ಸೇರಿದ್ದರೂ ಇವುಗಳಿಗೆ ಎತ್ತಿನ ಕೊಂಬು, ಕುದುರೆಯ ಬಾಲ.

ಜೀಪು ನಿಲ್ಲುತ್ತದೆ. ಮಂದೆಯ ನಡುವೆ ತಾಯಿಯೊಂದು ಈಯುತ್ತಿದೆ. ಒದ್ದೆಯಾದ ಕರು ನೆಲಕ್ಕೆ ಬೀಳುತ್ತದೆ, ಏಳುತ್ತದೆ, ಮುಗ್ಗರಿಸುತ್ತದೆ, ಮತ್ತೆ ಏಳುತ್ತದೆ. ಕೆಲವೇ ನಿಮಿಷಗಳಲ್ಲಿ ತಾಯಿಯ ಹಿಂದೆ ಹೆಜ್ಜೆ ಹಾಕುತ್ತದೆ. ದೂರದಲ್ಲಿ ಕತ್ತೆಕಿರುಬ ಕಾದಿದೆ. ಹೆಚ್ಚಿನ ಕರುಗಳೆಲ್ಲ ಎರಡು ಮೂರು ವಾರಗಳೊಳಗೇ ಹುಟ್ಟುತ್ತವೆ. ಆದುದರಿಂದ ಬೇಟೆಗಾರ ಪ್ರಾಣಿಗಳು ಎಷ್ಟು ತಿಂದರೂ ಬಹುಪಾಲು ಉಳಿಯುತ್ತವೆ.

ಹಿಂದೆ ಹೀಗಿರಲಿಲ್ಲ. 1890ರ ಸುಮಾರಿಗೆ ಪೂರ್ವ ಆಫ್ರಿಕವನ್ನು ಜಾನುವಾರುಗಳ ಮಹಾಮಾರಿಯೊಂದು ಹೊಕ್ಕಿತು. ಕನ್ನಡ ನಾಡಿನ ರೈತರು ದೊಡ್ಡರೋಗವೆಂದು ಹೆದರುತ್ತಿದ್ದ ವ್ಯಾಧಿಯೇ ಅದು. ಮಸಾಯಿ ಜನರ ಹಟ್ಟಿಗಳು ಬರಿದಾದುವು. ದನಗಳನ್ನೇ ನಂಬಿದ್ದ ಅವರು ಹಸಿವಿನಿಂದ ಸತ್ತರು. ರೋಗವು ಕಾಡಿನ ಮೃಗಗಳಿಗೂ ಹರಡಿತು. ಅನಂತರ ದಶಕಗಳ ಕಾಲ ಇಲ್ಲಿ ಹುಟ್ಟಿದ ಕರುಗಳು ವರ್ಷ ತುಂಬುವ ವೇಳೆಗೆ ಅದಕ್ಕೆ ತುತ್ತಾಗುತ್ತಿದ್ದುವು.

ಕಾಡುಮೃಗಗಳನ್ನು ಹಿಡಿದು ಮದ್ದು ಹಾಕುವುದು ಸಾಧ್ಯವೇ? ಯಾರೂ ಹಾಗೆ ಮಾಡಲಿಲ್ಲ. ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಚುಚ್ಚಿದರು. ದನಗಳಲ್ಲಿ ರೋಗ ಅಡಗಿತು. 1960ರ ದಶಕದ ಆರಂಭದಲ್ಲಿ ಬಯಲಿನ ಮೃಗಗಳಲ್ಲಿಯೂ ತಾನಾಗಿಯೇ ಮಾಯವಾಯಿತು. ಆಗ ಎರಡೂವರೆ ಲಕ್ಷದಷ್ಟಿದ್ದ ವಿಲ್ಡೆಬೀಸ್ಟ್‌ಗಳು 1977ರ ವೇಳೆಗೆ ಹದಿಮೂರು ಲಕ್ಷ ಮುಟ್ಟಿದುವು. 2011ರಲ್ಲಿ ಈ ರೋಗವು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಸಂಜೆ ಬಂಡೆಯ ಮೇಲೆ ಸಿಂಹವೂ ಕಾಣಸಿಗುತ್ತದೆ. ಪ್ರವಾಸಿಗನು ಕ್ಯಾಮರಾ ಎತ್ತುತ್ತಾನೆ. ಆದರೆ ಬಿಡಾರಕ್ಕೆ ಹಿಂದಿರುಗುವಾಗ ಅವನ ಕಣ್ಣು ಮತ್ತೆ ಆ ಮಂದೆಯನ್ನೇ ಅರಸುತ್ತದೆ. ಬೆಳಗ್ಗೆ ಹುಟ್ಟಿದ ಕರು ಅದರೊಳಗೆ ಎಲ್ಲಿಯೋ ತಾಯಿಯ ಪಕ್ಕದಲ್ಲಿ ನಡೆಯುತ್ತಿರಬೇಕು.