ಸೊನ್ನೆ-ಇಂಟು ಆಟ ಕಲಿತ ಕಂಪ್ಯೂಟರ್

ಮಕ್ಕಳೇ, 'ವಾರ್‌ಗೇಮ್ಸ್' ಎಂಬುದು ಜಾನ್ ಬ್ಯಾಡಮ್ ನಿರ್ದೇಶಿಸಿದ, 1983ರಲ್ಲಿ ಅಮೆರಿಕದಲ್ಲಿ ತೆರೆಕಂಡ ಇಂಗ್ಲಿಷ್ ಚಲನಚಿತ್ರ. ಹೆಸರಿನ ಅರ್ಥ ಯುದ್ಧದ ಆಟಗಳು. ಕಥಾನಾಯಕ ಡೇವಿಡ್ ಹೈಸ್ಕೂಲು ಹುಡುಗ. ಪಾಠದಲ್ಲಿ ಹಿಂದೆ, ಕಂಪ್ಯೂಟರಿನಲ್ಲಿ ಮುಂದೆ. ಶಾಲೆಯ ಕಚೇರಿಯಲ್ಲಿ ಚೀಟಿಯ ಮೇಲೆ ಬರೆದಿಟ್ಟಿದ್ದ ಗುಪ್ತಪದವನ್ನು ನೋಡಿಕೊಂಡು, ಮನೆಯಿಂದಲೇ ತನ್ನ ಅಂಕಗಳನ್ನು ತಿದ್ದುತ್ತಾನೆ!

ಮನೆಯಿಂದ ಹೇಗೆ? ಫೋನಿನ ಮೂಲಕ. ಆಗಿನ ಫೋನ್ ತಂತಿ ಒಯ್ಯುತ್ತಿದ್ದುದು ಧ್ವನಿಯನ್ನು. ಕಂಪ್ಯೂಟರಿಗೆ ತಿಳಿಯುವುದು 0 ಮತ್ತು 1 ಮಾತ್ರ. ಇವೆರಡರ ನಡುವಿನ ದುಭಾಷಿಯೇ ಮೋಡೆಮ್. ಆ ಕಾಲದ ಒಂದು ಬಗೆಯ ಮೋಡೆಮ್ 0 ಕಳಿಸಲು ಸೆಕೆಂಡಿಗೆ 1070 ಕಂಪನಗಳ ಸ್ವರವನ್ನೂ, 1 ಕಳಿಸಲು 1270 ಕಂಪನಗಳ ಸ್ವರವನ್ನೂ ಹೊರಡಿಸುತ್ತಿತ್ತು. ವೇಗ ಸೆಕೆಂಡಿಗೆ 300 ಬಿಟ್. ಶ್ರೀರಂಗಪಟ್ಟಣ ತಾಲ್ಲೂಕಿನ ಕಿರಂಗೂರಿನ ಹೆಸರನ್ನೇ ತೆಗೆದುಕೊಳ್ಳಿ. ಇಂದಿನ ಯುಟಿಎಫ್-8 ಪದ್ಧತಿಯಲ್ಲಿ 'ಕಿರಂಗೂರು' ಎಂದು ಬರೆಯಲು 24 ಬೈಟ್, ಅಂದರೆ 192 ಬಿಟ್ ಬೇಕು. ಪ್ರತಿ ಬೈಟಿನ ಆರಂಭ ಮತ್ತು ಅಂತ್ಯ ತಿಳಿಸಲು ಎರಡೆರಡು ಬಿಟ್ ಸೇರಿಸಿದರೆ 240. ಊರ ಹೆಸರೊಂದೇ ದಾಟಲು ಮುಕ್ಕಾಲು ಸೆಕೆಂಡಿಗೂ ಮಿಗಿಲು!

ಹೊಸ ಆಟಗಳನ್ನು ಹುಡುಕುವ ಡೇವಿಡ್, ಒಂದು ಊರಿನ ಫೋನ್ ಸಂಖ್ಯೆಗಳಿಗೆಲ್ಲ ಸಾಲಾಗಿ ಕರೆ ಮಾಡುವಂತೆ ತನ್ನ ಕಂಪ್ಯೂಟರಿಗೆ ಹೇಳುತ್ತಾನೆ. ಮನುಷ್ಯರು ಎತ್ತಿದರೆ ಬಿಟ್ಟುಬಿಡು, ಮೋಡೆಮ್ ಸ್ವರ ಕೇಳಿದರೆ ಗುರುತಿಟ್ಟುಕೋ. ಕೊನೆಯ 4 ಅಂಕಿಗಳಷ್ಟೇ ಬದಲಾದರೂ 10,000 ಸಂಖ್ಯೆಗಳು. ಒಂದಕ್ಕೆ ಅರ್ಧ ನಿಮಿಷವೆಂದರೆ ಸುಮಾರು ಮೂರೂವರೆ ದಿನದ ಕೆಲಸ. ಕಂಪ್ಯೂಟರಿಗೇನು, ಬೇಸರವಿಲ್ಲ.

ಹೀಗೆ ಸಿಕ್ಕಿದ್ದು ಸೇನೆಯ ಕಂಪ್ಯೂಟರ್. ಅದನ್ನು ರೂಪಿಸಿದ ವಿಜ್ಞಾನಿ ತೀರಿಕೊಂಡ ತನ್ನ ಮಗನ ಹೆಸರನ್ನೇ ಗುಪ್ತಪದವಾಗಿಸಿದ್ದ. ಅದನ್ನು ಊಹಿಸಿ ಒಳಹೊಕ್ಕ ಡೇವಿಡ್, ಆಟವೆಂದುಕೊಂಡು ಅಣುಯುದ್ಧವನ್ನು ಆರಿಸುತ್ತಾನೆ. ಸೇನಾ ಕೇಂದ್ರದ ಪರದೆಗಳ ಮೇಲೆ ಸೋವಿಯತ್ ಕ್ಷಿಪಣಿಗಳು ಕಾಣಿಸತೊಡಗುತ್ತವೆ. ಯಾವುದು ಆಟ, ಯಾವುದು ನಿಜ ಎಂದು ಅಧಿಕಾರಿಗಳಿಗೆ ತಿಳಿಯದು.

ಇದು ಬರೀ ಕಥೆಯಲ್ಲ. 1979ರ ನವೆಂಬರ್ 9ರಂದು ಅಮೆರಿಕದ ಎಚ್ಚರಿಕೆ ಕೇಂದ್ರದಲ್ಲಿ, ಅಭ್ಯಾಸಕ್ಕೆಂದು ತಯಾರಿಸಿದ್ದ ದಾಳಿಯ ಮಾಹಿತಿ ನಿಜವಾದ ವ್ಯವಸ್ಥೆಯೊಳಕ್ಕೆ ಸೇರಿಬಿಟ್ಟಿತ್ತು. ಯುದ್ಧವಿಮಾನಗಳು ಮೇಲೇರಿದವು. ರಾಡಾರ್ ಮತ್ತು ಉಪಗ್ರಹಗಳ ಮಾಹಿತಿಯನ್ನು ತಾಳೆ ನೋಡಿದಾಗ ಆಕಾಶದಲ್ಲಿ ಯಾವ ಕ್ಷಿಪಣಿಯೂ ಇರಲಿಲ್ಲ.

ಚಿತ್ರವನ್ನು ನೋಡಿದ ಅಧ್ಯಕ್ಷ ರೊನಾಲ್ಡ್ ರೇಗನ್, ಇಂಥದ್ದು ಸಾಧ್ಯವೇ ಎಂದು ಸೇನಾ ಮುಖ್ಯಸ್ಥರನ್ನು ಕೇಳಿದರು. 1984ರಲ್ಲಿ ಅಲ್ಲಿನ ಸರ್ಕಾರಿ ಕಂಪ್ಯೂಟರ್‌ಗಳ ರಕ್ಷಣೆಗೆ ಆದೇಶ ಹೊರಟಿತು. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿಗೆ ನುಗ್ಗುವುದನ್ನು ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ತಡೆಯುತ್ತದೆ.

ಚಿತ್ರದ ಒಂದು ಸಂಗತಿಯನ್ನು ಮಾತ್ರ ಒಪ್ಪುವಂತಿಲ್ಲ. ಕಂಪ್ಯೂಟರ್ ಕ್ಷಿಪಣಿ ಹಾರಿಸುವ ಸಂಕೇತವನ್ನು ಒಂದೊಂದೇ ಅಕ್ಷರವಾಗಿ ಕಂಡುಹಿಡಿಯುತ್ತದೆ. ಮೂರು ಚಕ್ರಗಳ ಸೈಕಲ್ ಬೀಗವನ್ನು ನೆನೆಯಿರಿ. ಪ್ರತಿ ಚಕ್ರವೂ ಸರಿಯಾದ ಅಂಕಿಗೆ 'ಟಕ್' ಎಂದರೆ ಹೆಚ್ಚೆಂದರೆ 30 ಸಲ ತಿರುಗಿಸಿದರೆ ಸಾಕು. ಒಳ್ಳೆಯ ಬೀಗ ಹಾಗೆ ಸುಳಿವು ಕೊಡುವುದಿಲ್ಲ. 000ದಿಂದ 999ರವರೆಗೆ 1000 ಸಲವೂ ಬೇಕಾದೀತು.

ಕೊನೆಯಲ್ಲಿ ಡೇವಿಡ್ ಆ ಕಂಪ್ಯೂಟರಿಗೆ ಒಂಬತ್ತು ಮನೆಗಳ ಸೊನ್ನೆ-ಇಂಟು ಆಟವನ್ನು ತನ್ನೊಡನೆ ತಾನೇ ಆಡಲು ಬಿಡುತ್ತಾನೆ. ಎಷ್ಟು ಆಡಿದರೂ ಸಮ, ಸಮ, ಸಮ. ಬಳಿಕ ಅದು ತನ್ನ ಯುದ್ಧದ ಯೋಜನೆಗಳನ್ನೆಲ್ಲ ಹಾಗೆಯೇ ಆಡಿ ನೋಡುತ್ತದೆ. ಒಂದರಲ್ಲೂ ಗೆದ್ದವರಿಲ್ಲ. ಕ್ಷಿಪಣಿ ಹಾರಿಸುವುದನ್ನು ನಿಲ್ಲಿಸುತ್ತದೆ.

ಈ ಪುಟ್ಟ ಆಟ 2,55,168 ಬಗೆಗಳಲ್ಲಿ ನಡೆಯಬಲ್ಲದು. ಇಬ್ಬರೂ ತಪ್ಪದೆ ಆಡಿದರೆ ಯಾರೂ ಗೆಲ್ಲರು. ಈಗ ಸ್ಲೇಟು ತೆಗೆದುಕೊಳ್ಳಿ. ನೀವು ನಡುಮನೆಯಲ್ಲಿ ಸೊನ್ನೆ ಇಟ್ಟಿರಿ. ಗೆಳತಿ ಮೂಲೆಯನ್ನು ಬಿಟ್ಟು ಅಂಚಿನ ನಡುವಿನ ಮನೆಯಲ್ಲಿ ಇಂಟು ಹಾಕಿದಳು. ಅವಳು ಮುಂದೆ ಹೇಗೆ ಆಡಿದರೂ ನೀವು ಗೆಲ್ಲಬಹುದು. ನಿಮ್ಮ ಮುಂದಿನ ಸೊನ್ನೆ ಎಲ್ಲಿ?