ಅಮ್ಮನ ಹಾಡು ತಪ್ಪೋ, ಡಿ.ಜೆ. ಹಾಡು ತಪ್ಪೋ?



ಒಬ್ಬರು ಹಾಡಿದ ಹಾಡನ್ನು ಬೇರೊಬ್ಬರು ಹೊಸದಾಗಿ ಹಾಡಿದರೆ ಅದಕ್ಕೆ ‘ಕವರ್ ವರ್ಷನ್’ ಅಂತಾರೆ. ಹಳೇ ಹಾಡಿಗೆ ಹೊಸ ತಾಳ ಕೂಡಿಸಿದರೆ ‘ರಿಮಿಕ್ಸ್’. ಜಾತ್ರೆ, ಮದುವೆ, ಗಣಪತಿ ಮೆರವಣಿಗೆಯಲ್ಲಿ ನಾವು ಕುಣಿಯುವುದು ಹೆಚ್ಚಾಗಿ ಇಂಥ ಹಾಡಿಗೇ. ಇವು ಮೂಲ ಹಾಡನ್ನು ಯಾವಾಗ ಕೆಡಿಸುತ್ತವೆ, ಯಾವಾಗ ಕೆಡಿಸುವುದಿಲ್ಲ ಎಂಬುದನ್ನು ನನಗೆ ತಿಳಿದಷ್ಟು ಬರೆದಿದ್ದೇನೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. ಹೋದ ವರ್ಷ ಯಲಬುರ್ಗಾ ಕಡೆ ನಮ್ಮ ಸೋದರತ್ತೆಯ ಮಗಳ ಮದುವೆ ಇತ್ತು. ಅಲ್ಲಿ ಡಿ.ಜೆ.ಯಲ್ಲಿ ಒಂದು ಬೀಸುವ ಪದ ಹಚ್ಚಿದ್ದರು. ಬಾಯಿಪಾಠ ಆಗುವ ತನಕ ಕುಣಿದೆವು. ಊರಿಗೆ ಬಂದ ಮೇಲೆ ನಮ್ಮಮ್ಮ (ನಾವು ಅಜ್ಜಿಗೆ ಅಮ್ಮ ಅಂತೀವಿ) ಬೇಳೆ ಒಡೆಯುತ್ತಾ ಅದೇ ಪದ ಹಾಡತೊಡಗಿದಳು. ನಾನು, “ಯಮ್ಮಾ, ನೀ ತಪ್ಪ ಹಾಡಾಕತ್ತಿ, ಅದು ಹಂಗಿಲ್ಲ” ಅಂದೆ. ಅಮ್ಮ, “ಹೌದೇನವಾ? ಇದ್ದೀತು ಬಿಡು” ಅಂತ ಸುಮ್ಮನಾದಳು. ಆಮೇಲೆ ಎಷ್ಟೋ ದಿನ ಬೀಸುಕಲ್ಲಿನ ಸಪ್ಪಳ ಕೇಳುತ್ತಿತ್ತು, ಹಾಡು ಕೇಳುತ್ತಿರಲಿಲ್ಲ.

ನನಗೆ ಕೆಡಕೆನಿಸಿತು. ಪಂಚಮಿ ಮುಂದೆ ಅಮ್ಮನ ಹತ್ತಿರ ನೋಟಬುಕ್ಕು ಹಿಡಿದು ಕುಂತು, ಆ ಪದ ಪೂರ್ತಿ ಬರೆದುಕೊಂಡೆ. ಹನ್ನೊಂದು ನುಡಿ ಆದವು. ಡಿ.ಜೆ.ಯಲ್ಲಿ ಇದ್ದದ್ದು ಎರಡೇ ನುಡಿ, ಅವೇ ತಿರುಗಿ ತಿರುಗಿ ಬರುತ್ತವೆ. ಗಂಡನ ಮನೆಯಲ್ಲಿರುವ ಮಗಳು ಪಂಚಮಿಗೆ ಕರೆಯಲು ಬರುವ ಅಣ್ಣನ ದಾರಿ ನೋಡುವ ಹಾಡು ಅದು. ಅಮ್ಮನ ಹಾಡಿನಲ್ಲಿ ಕೊನೆಯ ನುಡಿಗೆ ಅಣ್ಣ ಬರುತ್ತಾನೆ. ಡಿ.ಜೆ. ಹಾಡಿನಲ್ಲಿ ಅಣ್ಣ ಬರುವುದೇ ಇಲ್ಲ!

ಬೀಸುವ ಪದಗಳು ಹೆಚ್ಚಾಗಿ ತ್ರಿಪದಿಯಲ್ಲಿ ಇರುತ್ತವೆ. ಅಂದರೆ ನುಡಿಗೆ ಮೂರೇ ಸಾಲು. ಸರ್ವಜ್ಞನ ವಚನಗಳೂ ತ್ರಿಪದಿಯೇ. ಹಾಡುವಾಗ ಎರಡನೇ ಸಾಲನ್ನು ಮತ್ತೊಮ್ಮೆ ಹಾಡಿ ಮೂರನೆಯದಕ್ಕೆ ಹೋಗುತ್ತಾರೆ. ಹೇಳಬೇಕಾದ ಮಾತು ಬಹಳ ಸಲ ಆ ಮೂರನೇ ಸಾಲಿನಲ್ಲೇ ಇರುತ್ತದೆ. ರಿಮಿಕ್ಸಿನಲ್ಲಿ ಆ ಸಾಲು ತಾಳಕ್ಕೆ ಕೂಡಲಿಲ್ಲವೆಂದು ತೆಗೆದು, ಆ ಜಾಗದಲ್ಲಿ ‘ಹೇ ಹೇ’ ಹಾಕಿದ್ದರು.

ಇನ್ನೊಂದು ಪ್ರಯೋಗ ಮಾಡಿದೆ. ಒಂದು ಸೇರು ಜೋಳ ಹಾಕಿ, ಡಿ.ಜೆ. ವೇಗಕ್ಕೆ ಹಾಡುತ್ತಾ ಬೀಸುಕಲ್ಲು ತಿರುವಿದೆ. ಎರಡು ನುಡಿ ಮುಗಿಯುವುದರೊಳಗೆ ರಟ್ಟೆ ಸೋತವು, ಹಿಟ್ಟು ತರಿತರಿ ಬಿತ್ತು. ಅಮ್ಮನ ವೇಗಕ್ಕೆ ತಿರುವಿದರೆ ಉಸಿರೂ ಹಿಡಿಯಲಿಲ್ಲ, ಹಿಟ್ಟೂ ಸಣ್ಣಗೆ ಬಿತ್ತು. ಆ ನಿಧಾನ ಕಲ್ಲು ಕಲಿಸಿದ್ದು.

ಹಾಗಾದರೆ ಹಾಡನ್ನು ಬದಲು ಮಾಡಲೇಬಾರದೇ? ಹಾಗಲ್ಲ. ಶಿಶುನಾಳ ಶರೀಫರ ಪದಗಳನ್ನು ನಮ್ಮೂರ ಭಜನೆಯವರು ಹಾಡುವ ಧಾಟಿ ಬೇರೆ, ಸಿ. ಅಶ್ವಥ್ ಅವರ ಧಾಟಿ ಬೇರೆ. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾಕ್ಕೆ ಅಶ್ವಥ್ ಅವರೇ ಸಂಗೀತ ಕೊಟ್ಟರು. ಶರೀಫರ ಹೆಸರು ಕೇಳದವರೂ ಆ ಪದಗಳನ್ನು ಕಲಿತರು. ಧಾಟಿ ಹೊಸದಾದರೂ ಪದದ ಒಳಗಿನ ಮಾತು ಉಳಿಯಿತು.

ಆದರೆ ಮಲೆ ಮಾದೇಶ್ವರನ ‘ಕೋಲುಮಂಡೆ’ ಹಾಡಿಗೆ ಆದದ್ದೇ ಬೇರೆ. 2020ರಲ್ಲಿ ಚಂದನ್ ಶೆಟ್ಟಿ ಅದನ್ನು ರ‍್ಯಾಪ್ ಶೈಲಿಯಲ್ಲಿ ಮಾಡಿದರು. ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಬೇಸರಪಟ್ಟು ವಿರೋಧಿಸಿದರು. ಅವರು ಕ್ಷಮೆ ಕೇಳಿದರು, ವಿಡಿಯೊ ತೆಗೆದುಹಾಕಲಾಯಿತು. ಭಕ್ತರಿಗೆ ಅದು ಬರೀ ಹಾಡಲ್ಲ, ಪೂಜೆ.

ಸಿನಿಮಾ ಹಾಡಿಗೆ ಕಾನೂನಿನ ಕಾವಲು ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಅದರಂತೆ ಹಾಡು ಮೊದಲು ಧ್ವನಿಮುದ್ರಣವಾದ ವರ್ಷ ಮುಗಿದು 5 ವರ್ಷ ಆಗುವ ತನಕ ಯಾರು ಬೇಕಾದರೂ ಕವರ್ ವರ್ಷನ್ ಮಾಡುವಂತಿಲ್ಲ. ಆಮೇಲೆ ಮಾಡಿದರೂ ಹಕ್ಕುದಾರರಿಗೆ ಮೊದಲೇ ತಿಳಿಸಬೇಕು, ಹಣ ಕೊಡಬೇಕು. ಅವರು ಒಪ್ಪದೆ ಮನಬಂದಂತೆ ಸಾಹಿತ್ಯ ತಿದ್ದುವಂತಿಲ್ಲ. ಆದರೆ ಬೀಸುವ ಪದ ಕಟ್ಟಿದವರು ಯಾರು? ಹೆಸರಿಲ್ಲ. ಹಕ್ಕುದಾರರೇ ಇಲ್ಲದ ಮೇಲೆ ಕೇಳುವವರು ಯಾರು?

ನಾವೇ ಕೇಳಬೇಕು, ಅಂದರೆ ಕಿವಿಗೊಟ್ಟು ಕೇಳಬೇಕು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಪುಸ್ತಕ ತಂದರು. ಅವರು ಬರೆಯದಿದ್ದರೆ ಎಷ್ಟು ಹಾಡು ಹೋಗಿಬಿಡುತ್ತಿದ್ದವೋ!

ಡಿ.ಜೆ.ಗೆ ಕುಣಿಯಬೇಡಿ ಅಂತ ನಾನು ಹೇಳುವುದಿಲ್ಲ, ನಾನೂ ಕುಣಿಯುತ್ತೇನೆ. ಆದರೆ ಅದೊಂದೇ ಸರಿ ಅಂದುಕೊಂಡು, ಹಾಡುವವರ ಬಾಯಿ ಮುಚ್ಚಿಸಬಾರದು. ಮುಂದಿನ ಸಂಚಿಕೆಗೆ ನಿಮ್ಮ ಮನೆಯ ಹಿರಿಯರ ಒಂದು ಪದ, ಪೂರ್ತಿ ಎಲ್ಲಾ ನುಡಿ, ಬರೆದು ತನ್ನಿರಿ. ಹಾಡಿದವರ ಹೆಸರನ್ನೂ ಬರೆಯಿರಿ. ನಮ್ಮಮ್ಮನ ಪದ ನಾನು ತರುತ್ತೇನೆ. ಬರೆದದ್ದನ್ನು ಓದಿ ತೋರಿಸಿದಾಗ ಅಮ್ಮ ಎರಡು ಕಡೆ ತಿದ್ದಿದಳು. “ಈಗ ನೀ ತಪ್ಪ ಹಾಡಾಕತ್ತಿ” ಅಂತ ನಕ್ಕಳು.

— 9ನೇ ತರಗತಿಯ ವಿದ್ಯಾರ್ಥಿನಿ