ಎರವಲು ಧಾಟಿಯ ನಗೆ

ಭಾದ್ರಪದದ ಗಣಪತಿಯು ರಾಜಾಜಿನಗರದ ಅಡ್ಡರಸ್ತೆಗಳಲ್ಲಿ ಚೌತಿಯ ಮರುದಿನವೇ ಹೊರಟುಹೋಗುವವನಲ್ಲ. ಚಂದಾ ಎತ್ತಿದ ಹುಡುಗರ ಅನುಕೂಲಕ್ಕೆ ತಕ್ಕಂತೆ ಒಂದು ಬೀದಿಯಲ್ಲಿ ಐದನೆಯ ದಿನ, ಮತ್ತೊಂದರಲ್ಲಿ ತಿಂಗಳಾದ ಮೇಲೆ ಬೀಳ್ಕೊಳ್ಳುವ ಆ ದೇವರ ಮುಂದೆ, ಬಣ್ಣದ ದೀಪಗಳ ತೋರಣದ ಕೆಳಗೆ, ವಾದ್ಯಗೋಷ್ಠಿಯ ಗಾಯಕರು ಚಿತ್ರಗೀತೆಗಳನ್ನು ಹಾಡಿ ದಣಿದು ನೀರು ಕುಡಿಯಲೆಂದು ವೇದಿಕೆಯಿಂದಿಳಿದಾಗ, ನಾವು ಹುಡುಗರು ಸಂಜೆಯಿಂದ ಕಾದು ಕುಳಿತಿದ್ದ ಮನುಷ್ಯನು ಮೇಲೇರುತ್ತಿದ್ದನು. ಅವನ ಕಂಠವೇನೂ ಮಧುರವಲ್ಲ. ಹಗಲಿನಲ್ಲಿ ಯಾವುದೋ ಕಾರ್ಖಾನೆಯ ಪಾಳಿಯಲ್ಲಿ ದುಡಿಯುವವನೆಂದು ಕೇಳಿದ್ದೆವು. ಆದರೆ ನಮ್ಮ ತಾಯಂದಿರು ನವರಂಗ್ ಚಿತ್ರಮಂದಿರದಲ್ಲಿ ಸೆರಗಿನಿಂದ ಕಣ್ಣೊರಸಿಕೊಂಡು ಕೇಳಿ ಬಂದಿದ್ದ ವಿರಹಗೀತೆಯ ಧಾಟಿಯನ್ನೆತ್ತಿಕೊಂಡು, ಪ್ರಿಯತಮೆಯ ಸ್ಥಾನದಲ್ಲಿ ಮೂರು ದಿನದಿಂದ ಬಾರದಿದ್ದ ನಲ್ಲಿಯ ನೀರನ್ನು ಪ್ರತಿಷ್ಠಾಪಿಸಿ, ಖಾಲಿ ಬಿಂದಿಗೆಯ ಮುಂದೆ ಅವನು ಗೋಗರೆಯತೊಡಗಿದನೆಂದರೆ, ಅದೇ ತಾಯಂದಿರು ಅದೇ ಸೆರಗನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದರು.

ಇದಕ್ಕೆ ಗ್ರಂಥಸ್ಥ ಹೆಸರು ಅಣಕವಾಡು. ಬೀದಿಯವರ ಬಾಯಲ್ಲಿ ಅಣಕು ಹಾಡು. ಪಂಡಿತರು ಇದನ್ನು ಅನುಕರಣವೆಂದು ಪಕ್ಕಕ್ಕೆ ಸರಿಸುವುದುಂಟು. ನನಗಾದರೋ ಇದರಷ್ಟು ಕಠಿನವಾದ ಪದ್ಯರಚನೆ ಮತ್ತೊಂದಿಲ್ಲವೆಂದೇ ತೋರುತ್ತದೆ. ಕವಿಗೆ ಛಂದಸ್ಸನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವುಂಟು, ಅಣಕಿಗನಿಗೆ ಅದಿಲ್ಲ. ಮೂಲದ ಧಾಟಿಯು ಎಲ್ಲಿ ನೀಳವಾಗಿ ಎಳೆಯುವುದೋ ಅಲ್ಲಿ ಗುರುವೇ ಬೀಳಬೇಕು, ಎಲ್ಲಿ ತ್ವರಿತವಾಗಿ ಓಡುವುದೋ ಅಲ್ಲಿ ಲಘುಗಳೇ ಒದಗಬೇಕು, ಮೂಲದ ಪ್ರಾಸವು ಕಿವಿಗೆ ನೆನಪಾಗುವಷ್ಟು ಹತ್ತಿರವಿದ್ದು ಅರ್ಥವು ಮಾತ್ರ ಪಾತಾಳಕ್ಕೆ ಜಾರಬೇಕು. ಕಿವಿಯು ಹೊಸ ಸಾಲನ್ನು ಕೇಳುತ್ತಿರುವಾಗಲೇ ಮನಸ್ಸು ಹಳೆಯ ಸಾಲನ್ನು ಒಳಗೊಳಗೇ ಹಾಡಿಕೊಳ್ಳುತ್ತಿರುತ್ತದೆ. ಎರಡರ ನಡುವಣ ಬಿರುಕಿನಲ್ಲಿ ನಗೆ ಹುಟ್ಟುತ್ತದೆ. ಆದುದರಿಂದಲೇ ಯಾರೂ ಮೆಚ್ಚದ ಗೀತೆಯನ್ನು ಯಾರೂ ಅಣಕಿಸಲಾರರು.

ಈ ಕಲೆ ವೇದಿಕೆಗಿಂತ ಮೊದಲು ನಮ್ಮ ಮದುವೆಯ ಚಪ್ಪರದಲ್ಲಿತ್ತು. ಬೀಗರ ಹಾಡುಗಳಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ತಾಯಿಯ ಮೂಗು, ನಡಿಗೆ, ಹಸಿವು, ಜಿಪುಣತನಗಳನ್ನು ಒಂದೊಂದಾಗಿ ವರ್ಣಿಸಿ ಜರೆಯುವಾಗ, ಬೀಗಿತ್ತಿಯು ಕೋಪಿಸಿಕೊಳ್ಳತಕ್ಕುದಲ್ಲವೆಂಬುದು ಶಾಸ್ತ್ರ. ಅವಳ ಕಡೆಯವರು ಅದೇ ಧಾಟಿಯಲ್ಲಿ ಉತ್ತರ ಕೊಡತಕ್ಕುದೆಂಬುದೂ ಶಾಸ್ತ್ರವೇ. ವಿಜಯನಗರದ ಕಲ್ಯಾಣಮಂಟಪವೊಂದರಲ್ಲಿ ನನ್ನ ಸೋದರತ್ತೆಯು ಹಳ್ಳಿಯಿಂದ ತಂದ ಬೀಗರ ಹಾಡಿನ ಮಾತುಗಳನ್ನು ಅಂದಿನ ಹೊಸ ಚಿತ್ರಗೀತೆಯೊಂದಕ್ಕೆ ಹೊಂದಿಸಿ ಹಾಡಿದುದನ್ನು ನಾನು ಕೇಳಿದ್ದೇನೆ. ಅಣಕವೆಂಬ ಪದವನ್ನು ಅವರು ಎಂದೂ ಉಚ್ಚರಿಸಿದವರಲ್ಲ.

ವಿದ್ಯಾವಂತರ ಪೈಕಿ ಈ ಕಲೆಯನ್ನು ಬೆಳಗಿಸಿದವರಲ್ಲಿ ಅಗ್ರಗಣ್ಯರು ಟಿ.ಪಿ. ಕೈಲಾಸಂ. 1884ರಲ್ಲಿ ಜನಿಸಿ, ಲಂಡನ್ನಿಗೆ ಭೂವಿಜ್ಞಾನವನ್ನು ಕಲಿಯಲು ಹೋಗಿ, ಶಿಲೆಗಳ ವಿದ್ಯೆಯ ಜೊತೆಗೆ ಅಲ್ಲಿಯ ರಂಗಭೂಮಿಯ ಹುಚ್ಚನ್ನೂ ಹೊತ್ತು ತಂದ ಆ ಮಹನೀಯರು, ಮೊದಲ ಮಹಾಯುದ್ಧದಲ್ಲಿ ಆಂಗ್ಲ ಸೈನಿಕರ ಬಾಯಲ್ಲಿ ಮೊಳಗುತ್ತಿದ್ದ ಟಿಪ್ಪರರಿಯ ಹಾಡನ್ನು ಕೇಳಿದಾಗ, ಐರ್ಲೆಂಡಿನ ಆ ಊರಿನ ಹೆಸರಿನೊಳಗೆ ನಮ್ಮದೊಂದು ತಿಪ್ಪಾರಹಳ್ಳಿ ಅಡಗಿರುವುದನ್ನು ಕಂಡರು. ಊರಿಗೆ ಹಂಬಲಿಸುವ ಸೈನಿಕನ ಜಾಗಕ್ಕೆ ಊರಿಗೆ ಹಂಬಲಿಸುವ ನಮ್ಮ ಹಳ್ಳಿಗನು ಬಂದು ನಿಂತನು. ಧಾಟಿಗೆ ಕಿಂಚಿತ್ತೂ ಊನವಾಗಲಿಲ್ಲ. 'ಕೋಳೀಕೆ ರಂಗ'ದಲ್ಲಿ ಅವರ ಸಾಹಸ ಇದಕ್ಕೂ ಮಿಗಿಲು. ಕಾನ್‌ಸ್ಟಾಂಟಿನೋಪಲ್ ನಗರದ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹಾಡುವ ಆಂಗ್ಲಗೀತೆಯ ವಿನೋದವು ಆ ಭಾಷೆಯ ಬಿಡಿ ಅಕ್ಷರಗಳನ್ನು ನೆಚ್ಚಿದುದು. ಸ್ವರವು ವ್ಯಂಜನಕ್ಕೆ ಅಂಟಿಕೊಂಡಿರುವ ಕನ್ನಡದಲ್ಲಿ ಇದು ಹೇಗೆ ಸಾಧ್ಯವೆಂದು ಯಾರಾದರೂ ಕೇಳುವಂಥದು. ಕೈಲಾಸಂ ಕೂಲಿಮಠದ ಬಾಯಿಪಾಠವನ್ನೇ, ಅದರ ಒತ್ವ, ಸೊನ್ನೆಗಳ ಸಮೇತ, ಆ ಧಾಟಿಯೊಳಕ್ಕೆ ನುಗ್ಗಿಸಿದರು. ತನ್ನ ಹೆಸರನ್ನು ಕಾಗುಣಿತದಲ್ಲಿ ಒಪ್ಪಿಸುವ ಆ ರಂಗನ ಗರ್ವವನ್ನು ಕೇಳಿ ನಗುವವರಲ್ಲಿ ಎಷ್ಟು ಮಂದಿಗೆ ಮೂಲಗೀತೆಯ ಪರಿಚಯವುಂಟು? ಮೂಲವು ಮರೆತುಹೋಗಿ ಅಣಕವೇ ಉಳಿದ ವಿಚಿತ್ರವಿದು. ಬಿರುಕಿನಲ್ಲಿ ನಗೆ ಹುಟ್ಟುವುದೆಂಬ ನನ್ನ ಮೇಲಿನ ಸಿದ್ಧಾಂತಕ್ಕೆ ಕೈಲಾಸಂ ಇಲ್ಲಿ ಸೊಗಸಾಗಿ ಪೆಟ್ಟು ಕೊಟ್ಟಿದ್ದಾರೆ.

ಇಂಥ ಹಾಸ್ಯವನ್ನು ಬೆಳೆಸಿದವರಲ್ಲಿ ಹಲವರ ಅನ್ನದ ದಾರಿಯೇ ಬೇರೆ. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಹೊರಡಿಸಿ ಕಾಲು ಶತಮಾನ ನಡೆಸಿದ ರಾ.ಶಿ. ಅವರು ವೈದ್ಯರು. 'ಆಚೆ ಮನೆಯ ಸುಬ್ಬಮ್ಮ'ನ ಏಕಾದಶಿಯ ಉಪವಾಸವನ್ನು ಹಾಡಾಗಿಸಿದ ಸಿ.ಆರ್. ಸತ್ಯ ಅವರು ರಾಕೆಟ್ ತಂತ್ರಜ್ಞರು. 1960ರ ದಶಕದಲ್ಲಿ, ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ, ರಾಕೆಟ್ಟಿನ ಮೂತಿಯನ್ನು ಸೈಕಲ್ಲಿನ ಹಿಂದೆ ಇರಿಸಿಕೊಂಡು ಇಬ್ಬರು ನಡೆದುಹೋಗುವ ಛಾಯಾಚಿತ್ರವನ್ನು, ಫ್ರಾನ್ಸಿನ ಕಾರ್ಟಿಯೆ ಬ್ರೆಸ್ಸೋನ್ ತೆಗೆದುದನ್ನು, ನೋಡದವರು ವಿರಳ. ಆ ಇಬ್ಬರಲ್ಲಿ ಒಬ್ಬರು ಇವರೇ. ಸುಬ್ಬಮ್ಮನ ಹಾಡು ಅಣಕವಲ್ಲ, ಸ್ವತಂತ್ರ ಹಾಸ್ಯಗೀತೆ. ಆದರೂ ಉಪವಾಸದ ಹೆಸರಿನಲ್ಲಿ ಒಂದರ ಹಿಂದೊಂದು ಬಂದು ಬೀಳುವ ಭಕ್ಷ್ಯಗಳ ಆ ಪಟ್ಟಿಯಲ್ಲಿ ವ್ರತಗಳ ಫಲಶ್ರುತಿಯ ಛಾಯೆ ನನಗೆ ಕೇಳಿಸುತ್ತದೆ. ಇನ್ನು ಎನ್. ರಾಮನಾಥ್ ಅವರಿಗೋ ಅಣಕವು ಬಿರುದಾಗಿಯೇ ಅಂಟಿತು. ಅಣಕು ರಾಮನಾಥ್ ಎಂದಲ್ಲದೆ ಬರಿಯ ರಾಮನಾಥ್ ಎಂದರೆ ಓದುಗರು ಯಾವ ರಾಮನಾಥ್ ಎಂದು ಕೇಳಿಯಾರು.

ಅಮೆರಿಕದ 'ವಿಯರ್ಡ್ ಆಲ್' ಯಾಂಕೊವಿಕ್ ಈ ವೃತ್ತಿಯಿಂದಲೇ ಜಗತ್ಪ್ರಸಿದ್ಧನಾದವನು. ಆತನೂ 1979ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ತನ್ನ ಮೊದಮೊದಲ ಅಣಕವೊಂದನ್ನು ಅಕಾರ್ಡಿಯನ್ ಹಿಡಿದು ಕಾಲೇಜಿನ ಶೌಚಾಲಯದ ಮಾರ್ದನಿಯಲ್ಲಿ ಧ್ವನಿಮುದ್ರಿಸಿಕೊಂಡನು. ಮೂಲದ ಗಾಯಕರ ಅನುಮತಿಯನ್ನು ಕೇಳಿಯೇ ಅಣಕಿಸುವ ಪದ್ಧತಿ ಆತನದು; ನಮ್ಮ ಬೀದಿಯ ಗಾಯಕನು ಕೇಳಿದ್ದ ಅನುಮತಿಯೆಂದರೆ ಮೈಕಿನವನದು ಮಾತ್ರ.

ಈಗ ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಹುಡುಗರು ಇಂಥ ಹಾಡುಗಳನ್ನು ಅಂಗೈಯೊಳಗಿನ ಫೋನಿನಲ್ಲೇ ಕಟ್ಟಿ, ಹಾಡಿ, ಹಂಚುತ್ತಾರೆ; ಗುರುಲಘುಗಳ ಮೇಲೆ ಅವರ ನಿಗಾ ಸಾಲದೆಂಬುದು ನನ್ನ ವಯೋಸಹಜವಾದ ದೂರು. ಆದರೆ ಧಾಟಿಯ ಎರವಲು ನಗೆಗೆ ಮಾತ್ರ ಮೀಸಲಲ್ಲ. ಮಾರ್ಗಶಿರದ ಚಳಿಯಲ್ಲಿ ಅಯ್ಯಪ್ಪನ ಮಾಲೆ ಧರಿಸಿದವರ ಭಜನೆಗಳನ್ನು ಕೇಳಿರಿ. ಅರ್ಧಕ್ಕರ್ಧ ಚಿತ್ರಗೀತೆಯ ಧಾಟಿಗಳೇ. ಕಸುಬು ಅದೇ, ಮಾತ್ರೆಯ ಲೆಕ್ಕವೂ ಅದೇ. ಅಲ್ಲಿ ಯಾರೂ ನಗುವುದಿಲ್ಲ. ಕಳೆದ ವರ್ಷ ವಿಜಯನಗರದ ಮನೆಯೊಂದರ ಪಡಿಪೂಜೆಯಲ್ಲಿ ಹದಿನೆಂಟು ಮೆಟ್ಟಿಲುಗಳ ಮುಂದೆ ಕೈಮುಗಿದು ನಿಂತಿದ್ದಾಗ, ಗುರುಸ್ವಾಮಿಯವರು ಗದ್ಗದಕಂಠದಿಂದ ಎತ್ತಿಕೊಂಡ ಭಜನೆಯು ನನ್ನ ತಾಯಿ ಅತ್ತಿದ್ದ ಆ ವಿರಹಗೀತೆಯ ಧಾಟಿಯದೇ ಆಗಿತ್ತು. ಸುತ್ತಲಿನವರೆಲ್ಲ ಸ್ವಾಮಿಯನ್ನು ಕರೆಯುತ್ತಿದ್ದರು. ನನ್ನ ಕಿವಿಯೊಳಗೆ ಮಾತ್ರ ಕಾರ್ಖಾನೆಯ ಆ ಮನುಷ್ಯನು ಖಾಲಿ ಬಿಂದಿಗೆಯ ಮುಂದೆ ಕುಳಿತು ನಲ್ಲಿಯನ್ನು ಕರೆಯುತ್ತಿದ್ದನು. ಮಂಗಳಾರತಿ ನನ್ನ ಬಳಿಗೆ ಬಂದಾಗ ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದೆ. ಪಕ್ಕದಲ್ಲಿದ್ದ ವೃದ್ಧರೊಬ್ಬರು ನನ್ನ ಭುಜ ಕುಲುಕುತ್ತಿದ್ದುದನ್ನು ಕಂಡು, ಭಕ್ತಿಯ ಆವೇಶವೆಂದು ಬಗೆದು, ಬೆನ್ನು ಸವರಿದರು.